ಗಂಡನ ಸಾಲ ಹೆಂಡತಿಗೆ ಗೊತ್ತಾಗಬೇಕಾ? ಬ್ಯಾಂಕಿನ ಗುಟ್ಟು ಯಾರಿಗೆ, ಎಷ್ಟು?

ಅಪ್ಪ ಮನೆಯಲ್ಲಿ ಯಾರಿಗೂ ಹೇಳದೆ ಪರ್ಸನಲ್ ಲೋನ್ ತಗೊಂಡಿದ್ರು. ಅನುಮಾನ ಬಂದು ಅಮ್ಮ ಬ್ಯಾಂಕಿಗೆ ಹೋದರೆ, "ನಿಮ್ಮ ಯಜಮಾನರ ಸಾಲದ ವಿವರ ನಿಮಗೆ ಕೊಡೋಕಾಗಲ್ಲಮ್ಮ, ಅವರನ್ನೇ ಕೇಳಿ" ಅಂತ ಕಳಿಸಿದರು. ಕೆಲವು ತಿಂಗಳಾದ ಮೇಲೆ ಅದೇ ಬ್ಯಾಂಕಿನ ವಸೂಲಿ ಏಜೆಂಟ್ ಬಾಗಿಲಲ್ಲಿ ನಿಂತು, ಬಾಕಿ ಎಷ್ಟು ಅಂತ ಓಣಿಗೆಲ್ಲ ಕೇಳುವ ಹಾಗೆ ಕೂಗಿದ.

ಆಗ ನನಗೆ ಇಬ್ಬರ ಮೇಲೂ ಸಿಟ್ಟಿತ್ತು. ಈಗ ಯೋಚಿಸಿದರೆ, ಕೌಂಟರಿನಲ್ಲಿದ್ದವರು ಮಾಡಿದ್ದು ಸರಿ. ಏಜೆಂಟ್ ಮಾಡಿದ್ದು ತಪ್ಪು. ಯಾಕೆ ಅನ್ನೋದು ಇಲ್ಲಿದೆ.

ಕಾನೂನು ಏನು ಹೇಳುತ್ತೆ?

ಬ್ಯಾಂಕ್ ಗೋಪ್ಯತೆಯ ತತ್ವಕ್ಕೆ ಇಂದಿಗೂ ಆಧಾರವಾಗಿರುವುದು 1924ರ ಇಂಗ್ಲೆಂಡಿನ ಟೂರ್ನಿಯರ್ ಪ್ರಕರಣ. ಮ್ಯಾನೇಜರ್ ಗ್ರಾಹಕನ ಸಾಲದ ಸಂಗತಿಯನ್ನು ಅವನ ಮಾಲೀಕರಿಗೆ ಫೋನಿನಲ್ಲಿ ಹೇಳಿಬಿಟ್ಟ. ಗ್ರಾಹಕನ ಕೆಲಸ ಹೋಯಿತು. ನಾಲ್ಕು ಸಂದರ್ಭದಲ್ಲಿ ಮಾತ್ರ ಬ್ಯಾಂಕ್ ಬಾಯಿ ಬಿಡಬಹುದು ಎಂದಿತು ಕೋರ್ಟು: ಕಾನೂನು ಕೇಳಿದಾಗ, ಸಾರ್ವಜನಿಕ ಹಿತ ಇದ್ದಾಗ, ಬ್ಯಾಂಕಿನ ಸ್ವಂತ ಹಿತಕ್ಕೆ ಅಗತ್ಯವಿದ್ದಾಗ, ಗ್ರಾಹಕರೇ ಒಪ್ಪಿದಾಗ. ಪಟ್ಟಿಯಲ್ಲಿ 'ಗಂಡ' ಅಥವಾ 'ಹೆಂಡತಿ' ಇಲ್ಲ.

ನಮ್ಮಲ್ಲಿ ರಾಷ್ಟ್ರೀಕೃತ ಬ್ಯಾಂಕುಗಳಿಗೆ 1970ರ ಕಾಯ್ದೆಯ 13ನೇ ಸೆಕ್ಷನ್ ಇದೇ ಹೊಣೆ ಹೊರಿಸಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ್ದ ಪ್ರಕರಣದಲ್ಲಿ, 2017ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿತು. ಆ ಹಕ್ಕು ಒಬ್ಬೊಬ್ಬ ವ್ಯಕ್ತಿಯದ್ದು. ಮದುವೆಯಾದ ಮಾತ್ರಕ್ಕೆ ಕಳೆದುಹೋಗಲ್ಲ.

ಗುಟ್ಟಾಗಿ ಉಳಿಯದ ಸಾಲಗಳು

ಜಂಟಿಯಾಗಿ ಸಾಲ ಪಡೆದವರು, ಜಾಮೀನು ಹಾಕಿದವರು ವಿವರ ಕೇಳಬಹುದು. ಮನೆ, ಸೈಟಿನ ಅಡಮಾನ ನೋಂದಣಿಯಾಗಿದ್ದರೆ ಇ.ಸಿ.ಯಲ್ಲಿ ಬರುತ್ತೆ. ಜಮೀನಿನ ಮೇಲಿನ ಬೆಳೆಸಾಲ ಪಹಣಿಯ 'ಋಣಗಳು' ಅಂಕಣದಲ್ಲಿ ಸಿಗುತ್ತೆ. ಜೀವನಾಂಶದ ಕೇಸುಗಳಲ್ಲಿ ಇಬ್ಬರೂ ಆಸ್ತಿ ಮತ್ತು ಸಾಲದ ಅಫಿಡವಿಟ್ ಕೊಡಲೇಬೇಕು ಅಂತ 2020ರ ರಜನೀಶ್-ನೇಹಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ತೀರಿಸೋದು ಯಾರು?

ಸಹಿ ಹಾಕದ ಸಾಲಕ್ಕೆ ಸಂಗಾತಿ ಹೊಣೆಯಲ್ಲ. ಸಾಲಗಾರ ತೀರಿಕೊಂಡರೂ, ಅವರಿಂದ ವಾರಸುದಾರರಿಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ ವಸೂಲಿ. ತವರಿನವರು ಕೊಟ್ಟ ಒಡವೆ ಸ್ತ್ರೀಧನ, ಅದು ಹೆಂಡತಿಯದ್ದೇ. ಆಕೆಗೆ ಗೊತ್ತಿಲ್ಲದೆ ಗಂಡ ಅದನ್ನು ಅಡವಿಟ್ಟರೆ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಆರ್ಥಿಕ ದೌರ್ಜನ್ಯ ಅಂತ ದೂರು ಕೊಡಬಹುದು.

ಗುಟ್ಟಿಗೂ ವರ್ಗ ಇದೆ

ಸಾಫ್ಟ್‌ವೇರ್ ಉದ್ಯೋಗಿ ಕ್ರೆಡಿಟ್ ಕಾರ್ಡಿನಲ್ಲಿ 5 ಲಕ್ಷ ಬಾಕಿ ಇಟ್ಟುಕೊಂಡರೆ ಅದು ಅವನ ವೈಯಕ್ತಿಕ ವಿಚಾರ. ವರ್ಷಕ್ಕೆ 3 ಲಕ್ಷದೊಳಗೆ ಆದಾಯ ಇರುವ ಮನೆಯ ಹೆಂಗಸು ಮೈಕ್ರೋಫೈನಾನ್ಸಿನಲ್ಲಿ 40 ಸಾವಿರ ಕೇಳಿದರೆ? ಆರ್‌ಬಿಐನ 2022ರ ನಿಯಮದ ಪ್ರಕಾರ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿ ಒಂದು ಕುಟುಂಬ. ಇಡೀ ಕುಟುಂಬದ ಎಲ್ಲ ಕಂತುಗಳು ಮಾಸಿಕ ಆದಾಯದ ಶೇ. 50 ದಾಟಬಾರದು. ಬಡವರ ತಲೆ ಮೇಲೆ ಸಾಲದ ಹೊರೆ ಬೀಳಬಾರದು ಅನ್ನೋ ಉದ್ದೇಶ ಒಳ್ಳೇದೇ. ಆದರೆ ಲೆಕ್ಕ ಹಾಕಲು ಮನೆಯವರೆಲ್ಲರ ಸಾಲ ಕೆದಕಬೇಕು. ಆಮೇಲೆ ಸಂಘದ ಸಭೆಯಲ್ಲಿ ಯಾರು ಕಂತು ಕಟ್ಟಿಲ್ಲ ಅನ್ನೋದು ಎಲ್ಲರೆದುರು ಬಯಲಾಗುತ್ತೆ. ಅಲ್ಲಿ ಮರ್ಯಾದೆಯೇ ಅಡಮಾನ.

ಏಜೆಂಟ್ ಬಾಗಿಲಿಗೆ ಬಂದರೆ

ಸಾಲಗಾರರ ಕುಟುಂಬದವರ, ಸ್ನೇಹಿತರ ಖಾಸಗಿತನಕ್ಕೆ ಕೈಹಾಕಬಾರದು, ಎಲ್ಲರೆದುರು ಅವಮಾನಿಸಬಾರದು, ಬೆಳಿಗ್ಗೆ 8ಕ್ಕೆ ಮುಂಚೆ ಮತ್ತು ಸಂಜೆ 7ರ ನಂತರ ಫೋನ್ ಮಾಡಬಾರದು ಅಂತ ಆರ್‌ಬಿಐ 2022ರ ಆಗಸ್ಟಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಲೋನ್ ಆ್ಯಪ್‌ಗಳು ನಿಮ್ಮ ಫೋನಿನ ಕಾಂಟ್ಯಾಕ್ಟ್ ಲಿಸ್ಟ್ ಮುಟ್ಟುವಂತಿಲ್ಲ. ಬಲವಂತದ ವಸೂಲಿ ತಡೆಯಲು ಕರ್ನಾಟಕ 2025ರಲ್ಲಿ ತಂದ ಕಾನೂನಿನಲ್ಲಿ 10 ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ.

ಏಜೆಂಟನ ಗುರುತಿನ ಚೀಟಿ ಕೇಳಿ, ಮಾತು ರೆಕಾರ್ಡ್ ಮಾಡಿಕೊಳ್ಳಿ. ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಸಹಾಯವಾಣಿ 14448. ನಿಮ್ಮ ಹೆಸರಲ್ಲಿ ಯಾರಾದರೂ ಸಾಲ ತೆಗೆದಿದ್ದಾರಾ ಅಂತ ತಿಳಿಯಲು ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ಕ್ರೆಡಿಟ್ ರಿಪೋರ್ಟ್ ನೋಡಿ.

ಅಪ್ಪ ಸಾಲ ಮುಚ್ಚಿಟ್ಟಿದ್ದು ಸರಿಯಾ? ಖಂಡಿತ ಅಲ್ಲ. ಆದರೆ ಅದನ್ನು ಕೇಳಬೇಕಾದ್ದು ಮನೆಯೊಳಗೆ, ಕೇಳುವ ಹಕ್ಕು ಅಮ್ಮನದ್ದು. ಬ್ಯಾಂಕಿನದ್ದೂ ಅಲ್ಲ, ಓಣಿಯದ್ದೂ ಅಲ್ಲ. ಆ ಜಗಳ ಆದ ಮೇಲೆ ಅಮ್ಮ ತಮ್ಮ ಹೆಸರಲ್ಲೇ ಒಂದು ಆರ್‌ಡಿ ಶುರು ಮಾಡಿದ್ರು. ಅದರಲ್ಲಿ ಎಷ್ಟಿದೆ ಅಂತ ಅಪ್ಪನಿಗೆ ಇವತ್ತಿಗೂ ಗೊತ್ತಿಲ್ಲ. ಅಪ್ಪ ಬ್ಯಾಂಕಿಗೆ ಹೋಗಿ ಕೇಳಿದರೂ ಅದೇ ಉತ್ತರ ಸಿಗಬೇಕು: "ಅವರನ್ನೇ ಕೇಳಿ."