ನಾಗಾವಿಯ ಶಾಸನದಿಂದ ಕಂಪ್ಯೂಟರಿನ ಅರ್ಜಿಯವರೆಗೆ



ಚಿತ್ತಾಪುರದ ಪಕ್ಕದ ನಾಗಾವಿಗೆ ನಿಮ್ಮಲ್ಲಿ ಅನೇಕರು ಯಲ್ಲಮ್ಮನ ದರ್ಶನಕ್ಕೆಂದು ಹೋಗಿರಬಹುದು. ಅಲ್ಲಿಯ ಶಾಸನಗಳನ್ನು ನಿಂತು ನೋಡಿದವರು ಕಡಿಮೆ. ಅವುಗಳಲ್ಲಿ 1058ರ ಒಂದು ಶಾಸನ ಕಲ್ಯಾಣದ ಚಾಲುಕ್ಯ ದೊರೆ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದ್ದು. ಅವನ ದಂಡನಾಯಕ ಮಧುಸೂದನ ಇಲ್ಲಿ ಘಟಿಕಾಸ್ಥಾನವೊಂದನ್ನು, ಅಂದರೆ ಆ ಕಾಲದ ಕಾಲೇಜನ್ನು, ನಡೆಸಲು ದತ್ತಿ ಬಿಟ್ಟ ಸಂಗತಿ ಅದರಲ್ಲಿದೆ. ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವ 50 ವಿದ್ಯಾರ್ಥಿಗಳು, ಅವರಿಗೆ ಉಪಾಧ್ಯಾಯರು, ಗ್ರಂಥಗಳನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರು. ಗ್ರಂಥಪಾಲಕರಿಗೆ ಇಷ್ಟು ಸುಂದರವಾದ ಹೆಸರನ್ನು ನಾವು ಮರೆತುಬಿಟ್ಟಿದ್ದೇವೆ.

ಇಂದಿನ ನಮ್ಮ ವಿಷಯಕ್ಕೆ ಮುಖ್ಯವಾದುದು ಆ ಬರಹದ ಕ್ರಮ. ದಾನಶಾಸನಗಳಲ್ಲಿ ಆಳುವ ದೊರೆ ಯಾರು, ಶಕವರ್ಷ ಯಾವುದು, ಕೊಟ್ಟವರು ಯಾರು, ಪಡೆದವರು ಯಾರು, ಭೂಮಿ ಎಷ್ಟು ಎಂಬುದೆಲ್ಲ ಗೊತ್ತಾದ ಸ್ಥಾನಗಳಲ್ಲಿ ಬರುತ್ತದೆ. ನಾಗಾವಿಯಲ್ಲಿ ದತ್ತಿ ಒಂದೇ, ಅದರೊಳಗೆ ಪಡೆಯುವವರು ಹಲವರು. ಯಾವ ಪಾಲು ಯಾರದು ಎಂಬ ಗೊಂದಲಕ್ಕೆ ಎಡೆಯಿಲ್ಲದಂತೆ ಬರೆಯಬೇಕಿತ್ತು. ಹೀಗೆ ಒಂದರೊಳಗೆ ಹಲವು ಸೇರಿದ್ದರೂ ಪರಸ್ಪರ ಸಂಬಂಧ ಕೆಡದಂತೆ ಇಟ್ಟ ಮಾಹಿತಿಯನ್ನು ಕಂಪ್ಯೂಟರ್ ತಜ್ಞರು ರಚನಾಬದ್ಧ ದತ್ತಾಂಶ ಎನ್ನುತ್ತಾರೆ.

ಶತಮಾನಗಳು ಕಳೆದು ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಗಳು ನಿಜಾಮನ ಆಳ್ವಿಕೆಗೆ ಬಂದಾಗ ಲೆಕ್ಕ ಕಲ್ಲಿನಿಂದ ಕಾಗದಕ್ಕೆ ಇಳಿದಿತ್ತು. ಮೊದಲು ಪಾರಸಿ, 1880ರ ದಶಕದಿಂದ ಉರ್ದು ಆಡಳಿತ ಭಾಷೆಯಾಗಿತ್ತು. 1948ರಲ್ಲಿ ಹೈದರಾಬಾದ್ ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ಗುಲಬರ್ಗಾ ಜಿಲ್ಲೆ ಅಂದಿನ ಮೈಸೂರು ರಾಜ್ಯಕ್ಕೆ ಬಂತು. ಭಾಷೆ, ಲಿಪಿ ಬದಲಾದರೂ ಪಹಣಿ ಎಂಬ ಮಾತು ಉಳಿಯಿತು, ಕಾಲಮುಗಳೂ ಉಳಿದವು. ಇಂದಿನ ಪಹಣಿಯ 9ನೆಯ ಕಾಲಮಿನಲ್ಲಿ ಮಾಲೀಕರ ಹೆಸರು, 11ರಲ್ಲಿ ಸಾಲ ಮತ್ತು ಇತರ ಹಕ್ಕುಗಳು, 12ರಲ್ಲಿ ಸಾಗುವಳಿಯ ವಿವರ ಇರುತ್ತದೆ. ನಿಮ್ಮ ಮನೆಯ ಪಹಣಿಯನ್ನು ಒಮ್ಮೆ ತೆಗೆದು ನೋಡಿ.

ಶಾನುಭೋಗರ, ಮುಂದೆ ಗ್ರಾಮ ಲೆಕ್ಕಿಗರ ವಶದಲ್ಲಿದ್ದ ಈ ದಾಖಲೆಗಳನ್ನು ‘ಭೂಮಿ’ ಯೋಜನೆ ಕಂಪ್ಯೂಟರಿಗೆ ಏರಿಸಿತು. 2002ರ ಹೊತ್ತಿಗೆ ರಾಜ್ಯದ 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಅದರಲ್ಲಿದ್ದವು. 15 ರೂಪಾಯಿ ಕೊಟ್ಟರೆ ಮುದ್ರಿತ ಪ್ರತಿ ಕೈಗೆ ಸಿಗುತ್ತಿತ್ತು. ಆದರೆ ಅಂದು ರೈತ ಕಿಟಕಿಯ ಹೊರಗೆ ನಿಂತಿದ್ದ, ಕಂಪ್ಯೂಟರ್ ಒಳಗಿತ್ತು. ಇಂದು ಅರ್ಜಿಯ ಪುಟವೇ ಅವನ ಮೊಬೈಲಿಗೆ ಬಂದಿದೆ.

ಆ ಅರ್ಜಿಯಲ್ಲಿ ‘ಸಲ್ಲಿಸು’ ಎಂಬ ಗುಂಡಿ ಒತ್ತಿದೊಡನೆ ಏನಾಗುತ್ತದೆ? ವೆಬ್ ಪುಟದಲ್ಲಿ ಅರ್ಜಿ ತುಂಬುವ ಸೌಕರ್ಯ 1993ರಲ್ಲಿ ಮೊಸಾಯಿಕ್ ಎಂಬ ಬ್ರೌಸರಿನಲ್ಲಿ ಬಂತು. 1995ರಲ್ಲಿ ಎಚ್‌ಟಿಎಂಎಲ್ ಭಾಷೆಯ ಎರಡನೆಯ ಆವೃತ್ತಿಯಲ್ಲಿ ಅದರ ನಿಯಮಗಳು ಪ್ರಕಟವಾದವು. ಅರ್ಜಿಯ ಪ್ರತಿಯೊಂದು ಖಾನೆಗೂ ಒಂದು ಹೆಸರಿರುತ್ತದೆ. ಬ್ರೌಸರ್ ಆ ಹೆಸರನ್ನೂ ನೀವು ತುಂಬಿದ ಉತ್ತರವನ್ನೂ ಸಮ ಚಿಹ್ನೆಯಿಂದ ಜೋಡಿಸಿ, ಜೋಡಿಗಳನ್ನೆಲ್ಲ ಒಂದೇ ಉದ್ದ ಸಾಲಾಗಿ ಹೆಣೆದು ಸರ್ವರಿಗೆ ಕಳುಹಿಸುತ್ತದೆ. ಸರ್ವರ್ ಎಂದರೆ ದೂರದಲ್ಲಿ ಕುಳಿತು ಅರ್ಜಿ ಸ್ವೀಕರಿಸುವ ಕಂಪ್ಯೂಟರ್. ಈ ಏರ್ಪಾಡಿನಲ್ಲಿ ಕನ್ನಡದ ಒಂದು ‘ಕ’ ಮೂರು ಬೈಟುಗಳಾಗಿ, ಒಂಬತ್ತು ಚಿಹ್ನೆಗಳಾಗಿ ಹೋಗುತ್ತದೆ. ‘ಸೇಡಂ’ ಎಂದು ಬರೆದರೆ ಹೊರಡುವುದು 36 ಚಿಹ್ನೆಗಳು!

ಹೆಸರು, ಊರು, ಪಿನ್‌ಕೋಡುಗಳಿಗೆ ಈ ಸಾಲು ಸಾಕು. ಹೊಲಕ್ಕೆ ಸಾಲದು. ಒಂದು ಸರ್ವೆ ನಂಬರಿನಲ್ಲಿ ಅಣ್ಣ ತಮ್ಮ ಇಬ್ಬರಿದ್ದಾರೆ ಎನ್ನೋಣ. ಅಣ್ಣನ ನಾಲ್ಕು ಎಕರೆಯಲ್ಲಿ ತೊಗರಿ ಮತ್ತು ಹೆಸರು. ತಮ್ಮನ ಎರಡು ಎಕರೆಯಲ್ಲಿ ಜೋಳ. ಸಾಲಾಗಿ ಕಳುಹಿಸಿದರೆ ಮಾಲೀಕ ಅಣ್ಣ, ಮಾಲೀಕ ತಮ್ಮ, ಬೆಳೆ ತೊಗರಿ, ಬೆಳೆ ಹೆಸರು, ಬೆಳೆ ಜೋಳ ಎಂದಾಗುತ್ತದೆ. ಹೆಸರು ಯಾರ ಹೊಲದ್ದು? ಸಾಲು ಹೇಳುವುದಿಲ್ಲ. ಸರ್ವೆ ನಂಬರಿನೊಳಗೆ ಇಬ್ಬರು ಮಾಲೀಕರು, ಪ್ರತಿ ಮಾಲೀಕನೊಳಗೆ ಅವನ ವಿಸ್ತೀರ್ಣ, ಅದರೊಳಗೆ ಅವನವೇ ಬೆಳೆಗಳು ಎಂದು ಗಂಟಿನೊಳಗೆ ಗಂಟು ಕಟ್ಟಿ ಕಳುಹಿಸಿದರೆ ಮಾತ್ರ ತಿಳಿಯುತ್ತದೆ. ನಾಗಾವಿಯ ಶಾಸನದ ಸಮಸ್ಯೆಯೂ ಇದೇ ಆಗಿತ್ತಲ್ಲವೇ?

ಇದಕ್ಕಾಗಿ 1998ರಲ್ಲಿ ಎಕ್ಸ್‌ಎಂಎಲ್ ಬಂತು. 2001ರ ಸುಮಾರಿಗೆ ಅಮೆರಿಕದ ಡಗ್ಲಾಸ್ ಕ್ರಾಕ್‌ಫೋರ್ಡ್ ಅವರು ಜೇಸನ್ ಎಂಬ ಇನ್ನೂ ಸರಳವಾದ ರೂಪವನ್ನು ಪ್ರಚಾರಕ್ಕೆ ತಂದರು. ಆವರಣ ಚಿಹ್ನೆಗಳೊಳಗೆ ಹೆಸರು, ಉತ್ತರ, ಅದರೊಳಗೆ ಮತ್ತೊಂದು ಆವರಣ, ಇಷ್ಟೇ ಅದರ ವ್ಯಾಕರಣ. ಬ್ರೌಸರುಗಳೇ ನೇರವಾಗಿ ಅರ್ಜಿಯನ್ನು ಜೇಸನ್ ಆಗಿ ಕಳುಹಿಸಲಿ ಎಂದು ವೆಬ್ ಒಕ್ಕೂಟದಲ್ಲಿ 2014ರಲ್ಲಿ ಕರಡೊಂದು ಹೊರಬಂದಿತು. ಮರುವರ್ಷವೇ ಅದನ್ನು ಕೈಬಿಡಲಾಯಿತು. ಆದುದರಿಂದ ಇಂದಿಗೂ ಪುಟದೊಳಗಿನ ಪುಟ್ಟ ಪ್ರೋಗ್ರಾಮೊಂದು ನಿಮ್ಮ ಉತ್ತರಗಳನ್ನು ಗಂಟು ಕಟ್ಟಿ ಕಳುಹಿಸುವ ಕೆಲಸ ಮಾಡುತ್ತದೆ.

ಎರಡೂ ಕಡೆಯವರು ಒಂದೇ ಅಳತೆಗೆ ಒಪ್ಪಿರಬೇಕು, ಅಷ್ಟೇ. 1874ರಲ್ಲಿ ನಿಜಾಮರ ರೈಲು ಸಿಕಂದರಾಬಾದಿನಿಂದ ವಾಡಿಗೆ ಬಂದು ಮುಂಬಯಿ ಕಡೆಯ ಕಂಪನಿಯ ಹಳಿಗೆ ಕೂಡಿತು. ಎರಡೂ ಒಂದೇ ಅಗಲದ ಹಳಿಗಳಾದ್ದರಿಂದ ಒಂದರ ಗಾಡಿ ಇನ್ನೊಂದರ ಮೇಲೆ ಓಡಬಹುದಾಗಿತ್ತು. ಅಗಲ ಬೇರೆಯಾಗಿದ್ದರೆ ವಾಡಿಯಲ್ಲಿ ಮೂಟೆಗಳನ್ನೆಲ್ಲ ಇಳಿಸಿ ಮತ್ತೆ ಏರಿಸಬೇಕಾಗುತ್ತಿತ್ತು. ಊರ ಹೆಸರುಗಳಿಗೂ ಇದೇ ಮಾತು. ಶಹಾಬಾದ, ಶಹಾಬಾದ್, ಶಾಹಾಬಾದ ಮೂರೂ ನಮಗೆ ಹಾಸುಗಲ್ಲಿನ ಊರೇ. ಯಂತ್ರಕ್ಕೆ ಮೂರು ಊರುಗಳು. ಅದಕ್ಕಾಗಿಯೇ ಅರ್ಜಿಗಳಲ್ಲಿ ಊರನ್ನು ಬರೆಯಲು ಬಿಡದೆ ಪಟ್ಟಿಯಿಂದ ಆರಿಸಲು ಹೇಳುತ್ತಾರೆ, ಒಳಗೆ ಪ್ರತಿ ಊರಿಗೂ ಒಂದು ಸಂಕೇತ ಸಂಖ್ಯೆ ಇಟ್ಟಿರುತ್ತಾರೆ.

ಈ ಅಚ್ಚುಕಟ್ಟಿಗೆ ಇನ್ನೊಂದು ಮುಖವೂ ಇದೆ. 2016ರಲ್ಲಿ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆ ಬಂದ ಮೇಲೆ ನಮ್ಮ ರಾಜ್ಯದಲ್ಲಿ ಬೆಳೆ ವಿಮೆಯ ಅರ್ಜಿಗಳು ‘ಸಂರಕ್ಷಣೆ’ ಎಂಬ ಜಾಲತಾಣದಲ್ಲಿ ದಾಖಲಾಗತೊಡಗಿದವು. ಅರ್ಜಿಯಲ್ಲಿ ಹೇಳಿದ ಬೆಳೆಯನ್ನು ಬೆಳೆ ಸಮೀಕ್ಷೆಯಲ್ಲಿ ಕಂಡ ಬೆಳೆಯೊಂದಿಗೆ ಹೋಲಿಸಿ ನೋಡುತ್ತಾರೆ. ತೊಗರಿಗೆ ವಿಮೆ ಕಟ್ಟಿದ ಹೊಲ ಸಮೀಕ್ಷೆಯಲ್ಲಿ ಹೆಸರು ಎಂದೋ ಖಾಲಿ ಎಂದೋ ನಮೂದಾಗಿದ್ದರೆ ಅರ್ಜಿ ತಿರಸ್ಕಾರದ ಪಟ್ಟಿಗೆ ಸೇರುತ್ತದೆ. ಕಾಗದದ ಕಾಲದಲ್ಲಿ ಲೆಕ್ಕಿಗರು ಹೊಲವನ್ನು ಬಲ್ಲವರಾಗಿದ್ದು, ತಪ್ಪು ಕಂಡರೆ ಮಗ್ಗುಲಲ್ಲಿ ಒಂದು ಟಿಪ್ಪಣಿ ಬರೆಯಬಹುದಿತ್ತು. ಜೇಸನ್‌ಗೆ ಮಗ್ಗುಲು ಇಲ್ಲ. ಖಾನೆಯಲ್ಲಿ ಸಂಖ್ಯೆ ಇರಬೇಕಾದ ಕಡೆ ಸಂಖ್ಯೆ ಇದೆಯೇ ಎಂದು ಸರ್ವರ್ ನೋಡಬಲ್ಲುದು. ಹೊಲದಲ್ಲಿ ಏನಿದೆ ಎಂದು ನೋಡಲಾರದು.

ತಿರಸ್ಕೃತ ಪಟ್ಟಿ ಪ್ರಕಟವಾದಾಗ ಗೊತ್ತುಪಡಿಸಿದ ದಿನಾಂಕದೊಳಗೆ ರೈತ ಸಂಪರ್ಕ ಕೇಂದ್ರದಲ್ಲಿ ಆಕ್ಷೇಪಣೆ ಸಲ್ಲಿಸಲು ಅವಕಾಶವಿದೆ. ಅದಕ್ಕೂ ಮೊದಲು ನೀವು ಮಾಡಬಹುದಾದ ಕೆಲಸವೊಂದಿದೆ. ಮುಂದಿನ ಸಲ ಅಪ್ಪನೋ ಚಿಕ್ಕಪ್ಪನೋ ಅರ್ಜಿ ಹಾಕಲು ಹೊರಟಾಗ ಜೊತೆಗೆ ಹೋಗಿ. ಗುಂಡಿ ಒತ್ತುವ ಮುನ್ನ ಸರ್ವೆ ನಂಬರು, ಹಿಸ್ಸಾ, ಎಕರೆ, ಗುಂಟೆ, ಬೆಳೆ ಇಷ್ಟನ್ನೂ ಪಹಣಿಯ ಪಕ್ಕದಲ್ಲಿಟ್ಟು ಗಟ್ಟಿಯಾಗಿ ಓದಿ ಹೇಳಿ, ಸ್ವೀಕೃತಿ ಚೀಟಿಯನ್ನು ಮರೆಯದೆ ಕೇಳಿ ಪಡೆಯಿರಿ.