ಶಸ್ತ್ರಚಿಕಿತ್ಸೆಯ ನಡುವಿನ ಎಚ್ಚರ ಮತ್ತು ನೆನಪು: ಇತಿಹಾಸ

ಅರಿವಳಿಕೆಯನ್ನೋ ಮಂಪರಿನ ಇಂಜೆಕ್ಷನ್ನನ್ನೋ ಪಡೆದ ಮೇಲೂ ರೋಗಿಗೆ ಚಿಕಿತ್ಸೆಯ ನಡುವೆ ಎಚ್ಚರವಿರುವುದುಂಟು. ನಡೆದದ್ದು ಆಮೇಲೆ ನೆನಪಿಗೆ ಬರುವುದೂ ಉಂಟು. ನೋವು ಹೋಗುವುದು, ಪ್ರಜ್ಞೆ ತಪ್ಪುವುದು, ನೆನಪು ಉಳಿಯದಿರುವುದು ಮೂರೂ ಬೇರೆ ಬೇರೆ. ಇದನ್ನು ಬಿಡಿಸಿ ನೋಡಲು ವೈದ್ಯಲೋಕಕ್ಕೆ ನೂರು ವರ್ಷಕ್ಕೂ ಮಿಕ್ಕಿದ ಕಾಲ ಹಿಡಿಯಿತು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರಿನಂಥ ತಾಲ್ಲೂಕುಗಳ ಜನರಿಗೆ ಈ ವಿಷಯ ಎದುರಾಗುವುದು ಹೆಚ್ಚಾಗಿ ಸಿಜೇರಿಯನ್ ಹೆರಿಗೆಯಲ್ಲಿ, ಸಂತಾನಹರಣ ಆಪರೇಷನ್ನಿನಲ್ಲಿ, ಕಣ್ಣಿನ ಪೊರೆ ತೆಗೆಸುವಾಗ. ಮೂರರಲ್ಲೂ ರೋಗಿ ಸಾಮಾನ್ಯವಾಗಿ ಎಚ್ಚರವಾಗಿಯೇ ಇರುತ್ತಾರೆ. ಪದ್ಧತಿ ಇರುವುದೇ ಹಾಗೆ. ಮೊದಲೇ ಹೇಳದೆ ಹೋದರೆ ಆ ಎಚ್ಚರವೇ ದಿಗಿಲಾಗುತ್ತದೆ.

ಶಸ್ತ್ರಕ್ರಿಯೆಗೆ ಮೊದಲು ರೋಗಿಗೆ ಊಟ ಕೊಡಬೇಕು, ನೋವು ತಾಳದವರಿಗೆ, ಕುಡಿಯುವ ರೂಢಿ ಇದ್ದರೆ, ಕಟುವಾದ ಮದ್ಯ ಕೊಡಬೇಕು ಎಂದು ಸುಶ್ರುತಸಂಹಿತೆ ಹೇಳುತ್ತದೆ. ಆಧುನಿಕ ಅರಿವಳಿಕೆಯ ಕಥೆ 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ನಿನಲ್ಲಿ ಶುರುವಾಗುತ್ತದೆ. ವಿಲಿಯಂ ಮಾರ್ಟನ್ ಈಥರ್ ಕೊಟ್ಟು, ಗಿಲ್ಬರ್ಟ್ ಅಬಟ್ ಎಂಬ ಯುವಕನ ಕತ್ತಿನ ಗಡ್ಡೆಗೆ ಆಪರೇಷನ್ ನಡೆಯಿತು. ಕತ್ತನ್ನು ಕೆರೆದಂತಾಗುತ್ತಿತ್ತು, ನೋವೇನೂ ಇರಲಿಲ್ಲ ಎಂದು ಅವನು ಆಮೇಲೆ ಹೇಳಿದ. ಅಂದರೆ ಇತಿಹಾಸದ ಅತಿ ಪ್ರಸಿದ್ಧ ಅರಿವಳಿಕೆಯಲ್ಲೇ ರೋಗಿಗೆ ಅರಿವು ಉಳಿದಿತ್ತು. ಈಥರಿನ ಯಶಸ್ಸಿನ ಸಡಗರದಲ್ಲಿ ಆ ಮಾತಿಗೆ ಸಿಗಬೇಕಾದಷ್ಟು ಗಮನ ಸಿಗಲಿಲ್ಲ. ಮರು ವರ್ಷ ಮಾರ್ಚ್ 22ರಂದು ಕಲ್ಕತ್ತದ ಮೆಡಿಕಲ್ ಕಾಲೇಜಿನಲ್ಲಿ ಭಾರತದ ಮೊದಲ ಈಥರ್ ಪ್ರಯೋಗವಾಯಿತು.

ನೆನಪನ್ನೇ ಗುರಿಯಾಗಿಸಿಕೊಂಡ ಪದ್ಧತಿ ಬಂದದ್ದು ಹೆರಿಗೆ ಕೋಣೆಗೆ. ಜರ್ಮನಿಯ ಫ್ರೈಬರ್ಗ್‌ನಲ್ಲಿ ಕಾರ್ಲ್ ಗೌಸ್ ಮತ್ತು ಬರ್ನ್‌ಹಾರ್ಡ್ ಕ್ರೋನಿಗ್ 1906ರ ಸುಮಾರಿಗೆ ಮಾರ್ಫಿನ್ ಜೊತೆ ಸ್ಕೋಪೊಲಮಿನ್ ಕೊಟ್ಟು ಹೆರಿಗೆ ಮಾಡಿಸತೊಡಗಿದರು. ಹೆರುವ ಹೆಂಗಸಿಗೆ ಒಂದು ವಸ್ತು ತೋರಿಸುವುದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೋರಿಸಿ, ಇದನ್ನು ಮೊದಲು ನೋಡಿದ್ದೀಯಾ ಎಂದು ಕೇಳುವುದು. ಇಲ್ಲ ಎಂದರೆ ಔಷಧಿ ಸಾಕಾಗಿದೆ; ಹೌದು ಎಂದರೆ ಇನ್ನಷ್ಟು ಬೇಕು. ಆದರೆ ಹೆರಿಗೆ ನೋವು ಪೂರ್ತಿ ಹೋಗಿರುತ್ತಿರಲಿಲ್ಲ. ಎಷ್ಟೋ ಹೆಂಗಸರು ಆ ಹೊತ್ತಿನಲ್ಲಿ ಕೂಗಾಡಿ ಹೊರಳಾಡುತ್ತಿದ್ದರು, ಎದ್ದ ಮೇಲೆ ಏನೂ ನೆನಪಿಲ್ಲ ಎನ್ನುತ್ತಿದ್ದರು. ನೆನಪಿಲ್ಲದ ನೋವು ನೋವಲ್ಲವೇ? ಇವತ್ತು ಎಂಡೋಸ್ಕೋಪಿಗೆ ಮೊದಲು ಕೊಡುವ ಮಿಡಜೋಲಾಮ್ ಕೂಡ ಮುಖ್ಯವಾಗಿ ಮಂಪರು ತಂದು, ಆಮೇಲಿನದನ್ನು ನೆನಪಿನಲ್ಲಿ ನಿಲ್ಲದಂತೆ ಮಾಡುವ ಔಷಧಿ. ಅದಕ್ಕೆ ನೋವು ಕಳೆಯುವ ಗುಣವಿಲ್ಲ. ಹಾಗಾಗಿ ಈ ಪ್ರಶ್ನೆ ಹಳತಾಗಿಲ್ಲ.

ನಿಜವಾದ ಅಪಾಯ ಹೊಕ್ಕದ್ದು 1942ರ ಜನವರಿ 23ರ ನಂತರ. ಅಂದು ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಆಪರೇಷನ್ ವೇಳೆ ಕ್ಯುರಾರೆ ಬಳಸಿ ಸ್ನಾಯುಗಳನ್ನು ಸಡಿಲಿಸಿದರು. ಶಸ್ತ್ರವೈದ್ಯರಿಗೆ ಇದು ದೊಡ್ಡ ಅನುಕೂಲ. ಆದರೆ ಈ ಔಷಧಿ ಪಡೆದವರು ಕೈ ಎತ್ತಲಾರರು, ಕಣ್ಣು ಬಿಡಲಾರರು, ಕೂಗಲಾರರು. ಪ್ರಜ್ಞೆ ತಪ್ಪಿಸುವ ಔಷಧಿ ಕಡಿಮೆಯಾದರೆ ಹೊರಗಿನವರಿಗೆ ತಿಳಿಯುವುದೇ ಕಷ್ಟ. 1947ರಲ್ಲಿ ಅಮೆರಿಕದ ವೈದ್ಯ ಸ್ಕಾಟ್ ಸ್ಮಿತ್ ತಮ್ಮ ಮೈಗೇ ಪೂರ್ತಿ ಪ್ರಮಾಣದ ಕ್ಯುರಾರೆ ಚುಚ್ಚಿಸಿಕೊಂಡು, ದೇಹ ಸಂಪೂರ್ಣ ನಿಶ್ಚಲವಾಗಿದ್ದಾಗಲೂ ತಮಗೆ ಎಲ್ಲವೂ ತಿಳಿಯುತ್ತಿತ್ತೆಂದು ತೋರಿಸಿಕೊಟ್ಟರು. 1950ರಲ್ಲಿ ಬ್ರಿಟನ್ನಿನ ವೈದ್ಯಪತ್ರಿಕೆಯಲ್ಲಿ ಇಂಥ ಎಚ್ಚರದ ವರದಿ ಬಂತು. 1977ರಲ್ಲಿ ಮೈಕೆಲ್ ಟನ್‌ಸ್ಟಾಲ್ ಒಂದು ಸರಳ ಉಪಾಯ ಹೂಡಿದರು: ಸ್ನಾಯು ಸಡಿಲಿಸುವ ಔಷಧಿ ಕೊಡುವ ಮೊದಲು ಒಂದು ತೋಳಿಗೆ ಬಿಗಿಯಾಗಿ ಪಟ್ಟಿ ಸುತ್ತುವುದು. ಔಷಧಿ ಆ ಕೈಗೆ ಇಳಿಯುವುದಿಲ್ಲ. ಎಚ್ಚರವಿರುವ ರೋಗಿ ಬೆರಳು ಹಿಚುಕಿ ತಿಳಿಸಬಹುದು.

2000ದಲ್ಲಿ ಸ್ವೀಡನ್ನಿನ 11,785 ರೋಗಿಗಳನ್ನು ವಿಚಾರಿಸಿದಾಗ 18 ಮಂದಿಗೆ ಆಪರೇಷನ್ ನಡುವಿನ ನೆನಪು ಇತ್ತು. ಬ್ರಿಟನ್–ಐರ್ಲೆಂಡ್‌ಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಎನ್‌ಎಪಿ5 ಸಮೀಕ್ಷೆಯಲ್ಲಿ, ರೋಗಿಗಳು ತಾವಾಗಿ ಹೇಳಿಕೊಂಡ ಪ್ರಕರಣಗಳು ಸುಮಾರು 19,000 ಪೂರ್ಣ ಅರಿವಳಿಕೆಗೆ ಒಂದು. ಪೂರ್ಣ ಅರಿವಳಿಕೆಯ ಸಿಜೇರಿಯನ್‌ಗಳಲ್ಲಿ ಸುಮಾರು 670ಕ್ಕೆ ಒಂದು. ಮಗುವಿಗೆ ಔಷಧಿ ಇಳಿಯಬಾರದೆಂಬ ಎಚ್ಚರಿಕೆ, ತುರ್ತು, ಇವೆಲ್ಲ ಅದಕ್ಕೆ ಕಾರಣ. ಸ್ವೀಡನ್ನಿನ ಮತ್ತು ಎನ್‌ಎಪಿ5ರ ಅಂಕಿಗಳ ನಡುವಿನ ಅಂತರ ನನಗೆ ಮುಖ್ಯವೆನಿಸುತ್ತದೆ. ಸ್ವೀಡನ್ನಿನಲ್ಲಿ ಒಬ್ಬೊಬ್ಬರನ್ನೂ ಮತ್ತೆ ಮತ್ತೆ ಕೇಳಿದ್ದರು. ಕೇಳಿದಾಗ ಹೇಳುವವರೂ ತಾವಾಗಿ ಹೇಳುವುದು ಅಪರೂಪ. ಬರಿ ಮಂಪರು ಪಡೆದ ರೋಗಿಗಳೂ ಎನ್‌ಎಪಿ5ಗೆ ದೂರು ಕೊಟ್ಟಿದ್ದರು. ಪೂರ್ಣ ನಿದ್ದೆ ಬರುತ್ತದೆಂದು ಅವರು ತಿಳಿದಿದ್ದರು, ಹಾಗಲ್ಲವೆಂದು ಯಾರೂ ಸರಿಯಾಗಿ ಹೇಳಿರಲಿಲ್ಲ.

ತಾಲ್ಲೂಕು ಮಟ್ಟದ ಆಸ್ಪತ್ರೆಯ ಪಾಡೂ ಇದಕ್ಕೆ ಹತ್ತಿರ. ಸಿಜೇರಿಯನ್‌ಗೆ ಹೆಚ್ಚಾಗಿ ಕೊಡುವುದು ಬೆನ್ನಿಗೆ ಚುಚ್ಚುವ ಇಂಜೆಕ್ಷನ್. 1898ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್ ಆರಂಭಿಸಿದ ಪದ್ಧತಿ. ಬೆನ್ನು ಬಗ್ಗಿಸಿ ಕೂರಿಸುತ್ತಾರೆ, ಚುಚ್ಚಿದ ಸ್ವಲ್ಪ ಹೊತ್ತಿಗೆ ಕಾಲು ಬಿಸಿಯಾಗಿ ಭಾರವಾಗುತ್ತದೆ, ಎತ್ತು ಎಂದರೆ ಏಳುವುದಿಲ್ಲ. ಎದೆಯ ಮುಂದೆ ಹಸಿರು ಬಟ್ಟೆ ಅಡ್ಡ ಕಟ್ಟುತ್ತಾರೆ. ಕೊಯ್ದ ನೋವು ತಿಳಿಯದು, ಆದರೆ ಹೊಟ್ಟೆ ಒತ್ತಿ ಮಗುವನ್ನು ಎಳೆಯುವುದು ತಿಳಿಯುತ್ತದೆ. ಕತ್ತರಿಯ ಸದ್ದು, ಡಾಕ್ಟರು ನರ್ಸಿನ ಮಾತು ಎಲ್ಲವೂ ಕೇಳಿಸುತ್ತದೆ. ಸಂತಾನಹರಣ ಆಪರೇಷನ್ನಿಗೂ ಸರ್ಕಾರದ ಮಾರ್ಗಸೂಚಿ ಮೆಚ್ಚುವುದು ಹೊಟ್ಟೆಯ ಆ ಜಾಗವನ್ನಷ್ಟೇ ಮರಗಟ್ಟಿಸಿ, ಜೊತೆಗೆ ಮಂಪರು ಕೊಡುವುದನ್ನು. ಶಿಬಿರಗಳಲ್ಲಿ ಸಾಲಾಗಿ ಆಪರೇಷನ್ ನಡೆಯುತ್ತಿದ್ದಾಗ ಒಬ್ಬೊಬ್ಬರಿಗೂ ಕೂತು ವಿವರಿಸುವ ಪುರಸೊತ್ತು ಎಲ್ಲಿತ್ತು? ಸಂತಾನಹರಣ ಶಿಬಿರಗಳ ಕುರಿತ ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರ ಸೆಪ್ಟೆಂಬರ್ 14ರಂದು, ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸುವಂತೆ ಹೇಳಿತು. ಕಣ್ಣಿನದು ಬೇರೆಯೇ ದಾರಿ. 1884ರಲ್ಲಿ ಕಾರ್ಲ್ ಕೋಲರ್ ಕೊಕೇನ್ ಹನಿಯಿಂದ ಕಣ್ಣನ್ನು ಮರಗಟ್ಟಿಸಿದ ಮೇಲೆ, ಎಚ್ಚರವಿರುವವರ ಕಣ್ಣಿಗೆ ಆಪರೇಷನ್ ಮಾಡುವುದು ಸುಲಭವಾಯಿತು. ಡಾ. ಎಂ.ಸಿ. ಮೋದಿಯವರು ಹಳ್ಳಿಗಾಡಿನಲ್ಲಿ ನಡೆಸಿದ ನೇತ್ರ ಶಿಬಿರಗಳು ನಿಂತದ್ದೂ ಹೀಗೆ ಕಣ್ಣನ್ನಷ್ಟೇ ಮರಗಟ್ಟಿಸುವ ವಿಧಾನದ ಮೇಲೆಯೇ.

ಇನ್ನು ಕೆಟಮಿನ್ ಎಂಬ ಅರಿವಳಿಕೆ ಔಷಧಿ. 1960ರ ದಶಕದಲ್ಲಿ ಬಂದ ಇದು ಉಸಿರನ್ನೂ ರಕ್ತದೊತ್ತಡವನ್ನೂ ಹೆಚ್ಚು ತಗ್ಗಿಸದ ಕಾರಣ ಸಣ್ಣ ಆಸ್ಪತ್ರೆಗಳ ಆಪ್ತ ಔಷಧಿಯಾಯಿತು. ರೋಗಿಯ ಕಣ್ಣು ತೆರೆದೇ ಇರಬಹುದು, ಏಳುವಾಗ ವಿಚಿತ್ರ ಕನಸುಗಳು ಬರಬಹುದು. ಅದನ್ನು ದೆವ್ವ ಮೆಟ್ಟಿತೆಂದು ಮನೆಯವರು ಹೆದರದಂತೆ ಮೊದಲೇ ಹೇಳುವುದು ವೈದ್ಯರ ಕೆಲಸ.

ನೆನಪನ್ನು ವಿಚಾರಿಸಲು 1970ರಲ್ಲಿ ಬ್ರೈಸ್ ಮತ್ತು ಸಂಗಡಿಗರು ರೂಪಿಸಿದ ಪ್ರಶ್ನೆಗಳು ಈಗಲೂ ಬಳಕೆಯಲ್ಲಿವೆ: ನಿದ್ದೆಗೆ ಮೊದಲು ಕೊನೆಯದಾಗಿ ಏನು ನೆನಪಿದೆ, ಎದ್ದಾಗ ಮೊದಲು ಏನು, ನಡುವೆ ಏನಾದರೂ, ಕನಸು ಬಿತ್ತೇ? ಇವಕ್ಕೆ ಯಂತ್ರ ಬೇಡ. ಮೊಳಕಾಲ್ಮೂರಿನ ಕಡೆ ಮನೆಯಲ್ಲಿ ತೆಲುಗಾಡುವವರಿಗೆ ತೆಲುಗಿನಲ್ಲೇ ಕೇಳಬಹುದು. ನೆನಪು ಕೆಲವರಿಗೆ ದಿನಗಳ ನಂತರ ಮರಳುತ್ತದೆ, ಆಗ ಬಾಣಂತಿ ಊರು ಸೇರಿರುತ್ತಾಳೆ. ಆಸ್ಪತ್ರೆ ಹೆರಿಗೆಯ ನಂತರ 3, 7, 14, 21, 28, 42ನೇ ದಿನಗಳಲ್ಲಿ ಆಶಾ ಕಾರ್ಯಕರ್ತೆ ಮಗುವನ್ನು ನೋಡಲು ಮನೆಗೆ ಹೋಗುವ ಕ್ರಮವಿದೆ. ತಾಯಿಗೆ ಈ ಪ್ರಶ್ನೆಗಳನ್ನು ಕೇಳಲು ಅದೇ ತಕ್ಕ ಸಮಯ.