ತಿಪ್ಪೆಗೆ ಇಬ್ಬರು ಯಜಮಾನರು: ಹಳ್ಳಿಯ ಕಸ, ಕೃಷಿ ಮತ್ತು ಆರೋಗ್ಯ, 1893–2016

ನೈರ್ಮಲ್ಯ ಇಲಾಖೆಯ ಕಣ್ಣಿಗೆ ಹಳ್ಳಿಯ ತಿಪ್ಪೆ ನೊಣ ಹುಟ್ಟುವ ಜಾಗ. ಕೃಷಿ ಇಲಾಖೆಯ ಕಣ್ಣಿಗೆ ಅದೇ ತಿಪ್ಪೆ ರೈತನ ಸೊತ್ತು. ಈ ಎರಡು ನೋಟಗಳು ಒಂದನ್ನೊಂದು ಮಾತಾಡಿಸದೆ ಹೋದದ್ದರಿಂದಲೇ ಗ್ರಾಮ ನೈರ್ಮಲ್ಯದ ಅನೇಕ ಯೋಜನೆಗಳು ಮುಗ್ಗರಿಸಿದವು ಎಂಬುದು ಈ ಲೇಖನದ ವಾದ.

1893ರಲ್ಲಿ ಪ್ರಕಟವಾದ, ಭಾರತದ ಕೃಷಿಯನ್ನು ಕುರಿತ ಜಾನ್ ಅಗಸ್ಟಸ್ ವೋಲ್ಕರ್ ಅವರ ವರದಿ ಒಂದು ತಪ್ಪು ತಿಳುವಳಿಕೆಯನ್ನು ತಿದ್ದಿತು. ರೈತ ಸಗಣಿಯನ್ನು ಬೆರಣಿ ತಟ್ಟಿ ಉರಿಸುವುದು ಗೊಬ್ಬರದ ಬೆಲೆ ಅರಿಯದೆ ಅಲ್ಲ, ಸೌದೆ ಸಿಗದೆ ಎಂದರು ಅವರು. ಒಲೆಗೆ ಹೋಗಿ ಮಿಕ್ಕ ಸಗಣಿ, ಗಂಜಲದಲ್ಲಿ ನೆಂದ ಹುಲ್ಲು, ಬೂದಿ, ಅಂಗಳದ ಕಸ ಎಲ್ಲವೂ ತಿಪ್ಪೆ ಸೇರಿ, ಮುಂಗಾರಿಗೆ ಮುನ್ನ ಗಾಡಿಯೇರಿ ಹೊಲಕ್ಕೆ ಹೋಗುತ್ತಿದ್ದವು. ದೀಪಾವಳಿಯಲ್ಲಿ ತಿಪ್ಪೆಗೂ ದೀಪವಿಡುವ ಊರುಗಳಿವೆ. ಇಂಥದ್ದನ್ನು ಊರಾಚೆ ಸಾಗಿಸಿ ಎಂದರೆ ಯಾರು ಕೇಳುತ್ತಾರೆ?

ಆದರೂ ಆರೋಗ್ಯಾಧಿಕಾರಿಗಳ ಆತಂಕ ಸುಳ್ಳಲ್ಲ. ಬೇಸಿಗೆಯ ಸೆಕೆಯಲ್ಲಿ ಹಸಿ ಸಗಣಿಯ ಮೇಲಿನ ಮೊಟ್ಟೆ ನೊಣವಾಗಲು ಸುಮಾರು 10 ದಿನ ಸಾಕು. ಆ ನೊಣ ಮಲದಿಂದ ಅನ್ನದ ತಟ್ಟೆಗೆ ಬಂದರೆ ವಿಷಮಶೀತ ಜ್ವರ, ಆಮಶಂಕೆ ಜೊತೆಗೇ ಬರುತ್ತವೆ. 1920ರ ದಶಕದಲ್ಲಿ ಪಂಜಾಬಿನ ಗುರ್ಗಾಂವ್ ಜಿಲ್ಲೆಯ ಅಧಿಕಾರಿ ಎಫ್.ಎಲ್. ಬ್ರೇನ್ ಆಳವಾದ ಗೊಬ್ಬರದ ಗುಂಡಿ ತೋಡಿಸಿದರು. ಅದೇ ಗುಂಡಿ ಶೌಚಕ್ಕೂ ಬಳಕೆಯಾಗಲಿ ಎಂದು ಹಟ ಹಿಡಿದರು. ಅವರಿಗೆ ವರ್ಗವಾದ ಮೇಲೆ ಆ ಉತ್ಸಾಹ ಬಹುಕಾಲ ನಿಲ್ಲಲಿಲ್ಲ. ದಂಡದ ಭಯದಿಂದ ತೋಡಿದ ಗುಂಡಿಗೆ ಅಷ್ಟೇ ಆಯುಸ್ಸು.

ಹೆಚ್ಚು ಗಮನಿಸಬೇಕಾದ ಪ್ರಯತ್ನ ನಡೆದದ್ದು ಪ್ರಯೋಗಾಲಯಗಳಲ್ಲಿ. ಇಂದೋರಿನಲ್ಲಿ ಆಲ್ಬರ್ಟ್ ಹೊವಾರ್ಡ್ ಮತ್ತು ಯಶವಂತ ವಾಡ್ ರೂಪಿಸಿ 1931ರಲ್ಲಿ ಪ್ರಕಟಿಸಿದ ಗೊಬ್ಬರದ ವಿಧಾನದಲ್ಲಿ ಕಸದ ರಾಶಿಯನ್ನು ಆಗಾಗ ಮಗುಚಬೇಕು, ನೀರು ಚಿಮುಕಿಸಬೇಕು. ಗೊಬ್ಬರ ಸುಮಾರು ಮೂರು ತಿಂಗಳಲ್ಲಿ ಸಿದ್ಧ. ಆದರೆ ಮಲ ಬೆರೆತ ರಾಶಿಯನ್ನು ಮಗುಚುವವರು ಯಾರು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ 1939ರಲ್ಲಿ ರೂಪಿಸಿದ ‘ಬೆಂಗಳೂರು ವಿಧಾನ’ ಮಗುಚುವುದನ್ನೇ ಕೈಬಿಟ್ಟಿತು. ಸುಮಾರು ಒಂದು ಮೀಟರ್ ಆಳದ ಗುಂಡಿಯಲ್ಲಿ ಒಂದು ಪದರ ಕಸ, ಒಂದು ಪದರ ಮಲ. ಮೇಲೆ ಮಣ್ಣಿನ ಮುಚ್ಚಿಗೆ. ಒಳಗಿನ ಕಾವು ರೋಗಾಣುಗಳನ್ನು ಕೊಲ್ಲುತ್ತದೆ, ಮುಚ್ಚಿಗೆ ನೊಣವನ್ನು ತಡೆಯುತ್ತದೆ. ಗೊಬ್ಬರಕ್ಕೆ ನಾಲ್ಕಾರು ತಿಂಗಳು ಕಾಯಬೇಕು, ಅಷ್ಟೆ. ನನ್ನ ದೃಷ್ಟಿಯಲ್ಲಿ ಇಬ್ಬರು ಯಜಮಾನರೂ ಒಪ್ಪಬಹುದಾಗಿದ್ದ ಒಡಂಬಡಿಕೆ ಇದೇ.

ಆದರೆ ಬೆಂಗಳೂರು ವಿಧಾನ ಹೆಚ್ಚಾಗಿ ಬೇರೂರಿದ್ದು ಪುರಸಭೆಗಳಲ್ಲಿ. ಅಲ್ಲಿ ಮಲ ಹೊರಲು ಜಾತಿಯೊಂದನ್ನು ಮೊದಲೇ ಕಟ್ಟಿಹಾಕಲಾಗಿತ್ತು. ವಿಧಾನದ ಜಾಣತನ ಆ ಅನ್ಯಾಯದ ಹೆಗಲ ಮೇಲೆಯೇ ನಿಂತಿತ್ತು. ಬಯಲೇ ಶೌಚಾಲಯವಾಗಿದ್ದ ಹಳ್ಳಿಯಲ್ಲಿ ಮಲ ಒಂದೆಡೆ ಸೇರುತ್ತಲೇ ಇರಲಿಲ್ಲ. ಮಳೆ ಜೋರಿರುವ ಸೀಮೆಗಳಲ್ಲಂತೂ ಗುಂಡಿಯಲ್ಲಿ ನೀರು ನಿಲ್ಲುತ್ತಿತ್ತು.

ಮುಂದೆ ರಸಗೊಬ್ಬರ ಬಂತು, ಟ್ರ್ಯಾಕ್ಟರ್ ಬಂದು ಎತ್ತುಗಳು ಕಡಿಮೆಯಾದವು, ಅಂಗಡಿಯ ಪೊಟ್ಟಣಗಳು ಪ್ಲಾಸ್ಟಿಕ್ಕಾದವು. ಪ್ಲಾಸ್ಟಿಕ್ ಬೆರೆತ ತಿಪ್ಪೆ ಕೃಷಿಗೂ ಬೇಡವಾಯಿತು. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಗ್ರಾಮ ಪಂಚಾಯಿತಿಗಳನ್ನೂ ಹೊಣೆ ಮಾಡಿದವು. ಕರ್ನಾಟಕದ ಅನೇಕ ಪಂಚಾಯಿತಿಗಳಲ್ಲಿ ಈಗ ಸ್ವಸಹಾಯ ಸಂಘದ ಮಹಿಳೆಯರು ವಾಹನದಲ್ಲಿ ಬಂದು ಒಣ ಕಸ ಒಯ್ಯುತ್ತಾರೆ. ಹಸಿ ಕಸ ಬಹುಮಟ್ಟಿಗೆ ಮನೆಯವರ ಪಾಲಿಗೇ ಉಳಿದಿದೆ, ಅದರೊಂದಿಗೆ ನೊಣವೂ.